ಎಳೆಯುವ ಲೆಕ್ಕ ಇದೆ, ಇಳಿಯುವ ಲೆಕ್ಕ ಎಲ್ಲಿ?

ದೊಡ್ಡ ಕುಟುಂಬ ವಾಹನವೊಂದರ ಪರಿಚಯ ಪುಸ್ತಿಕೆಯನ್ನು ಕೈಗೆತ್ತಿಕೊಳ್ಳಿ. ಏಳು ಆಸನ, ನಾಲ್ಕು ಗಾಲಿಗಳಿಗೂ ಚಾಲನೆ, ಇಷ್ಟು ಅಶ್ವಶಕ್ತಿ, ಇಷ್ಟು ನ್ಯೂಟನ್-ಮೀಟರ್ ಟಾರ್ಕ್ ಎಂಬುದೆಲ್ಲ ದಪ್ಪಕ್ಷರಗಳಲ್ಲಿರುತ್ತದೆ. ಈಗ ಒಂದು ಪ್ರಶ್ನೆ ಹಾಕಿಕೊಳ್ಳಿ. ಮಲಗಲು, ಅಡುಗೆ ಮಾಡಲು ಅನುಕೂಲವಿರುವ ಒಂದೂವರೆ ಟನ್ನಿನ ಪ್ರವಾಸಿ ಟ್ರೇಲರನ್ನು ಇದರ ಹಿಂದೆ ಕಟ್ಟಿಕೊಂಡು ಶೃಂಗೇರಿಯಿಂದ ಕಿಗ್ಗಕ್ಕೆ, ಅಲ್ಲಿಂದ ಸಿರಿಮನೆ ಜಲಪಾತದ ಕಡೆಗೆ ಹೋಗಿಬರಬಹುದೆ? ನಮ್ಮಲ್ಲಿ ಹಂಚುವ ಪುಸ್ತಿಕೆಗಳಲ್ಲಿ ಸಾಮಾನ್ಯವಾಗಿ ಇದಕ್ಕೆ ಉತ್ತರ ಸಿಗುವುದಿಲ್ಲ. ಓದಿದವರು ಟಾರ್ಕಿನ ಅಂಕಿಯನ್ನು ನೋಡಿ, ‘ಧಾರಾಳವಾಗಿ’ ಎಂದುಬಿಡುತ್ತಾರೆ. ಈ ಲೇಖನದ ತಕರಾರು ಆ ‘ಧಾರಾಳವಾಗಿ’ ಎಂಬ ಮಾತಿನ ಮೇಲೆ. ಹೋಗಲು ಅಡ್ಡಿಯಿಲ್ಲ, ಬರುವ ಲೆಕ್ಕ ಬೇರೆ.

ನಮ್ಮಲ್ಲಿ ಈಗ ಕಾಣುವ ಕ್ಯಾರವಾನ್‌ಗಳು ಬಹುಮಟ್ಟಿಗೆ ಎಂಜಿನ್ ಒಳಗೊಂಡವು. ಕಾರಿನ ಹಿಂದೆ ಎಳೆದೊಯ್ಯುವ ಟ್ರೇಲರ್ ಮನೆ ಇನ್ನೂ ಅಪರೂಪ. ಆದರೆ ಟ್ರೇಲರ್ ಎಂಬುದು ಮಲೆನಾಡಿಗೆ ಹೊಸತಲ್ಲ. ಟ್ರ್ಯಾಕ್ಟರಿಗೆ, ಪವರ್ ಟಿಲ್ಲರಿಗೆ ಕಟ್ಟಿದ ಟ್ರೇಲರುಗಳಲ್ಲಿ ಅಡಿಕೆ, ಗೊಬ್ಬರ, ಸೊಪ್ಪು, ಕೆಲವೊಮ್ಮೆ ಮದುವೆ ದಿಬ್ಬಣ ಕೂಡ ಸಾಗುವುದನ್ನು ನೀವು ನೋಡಿದ್ದೀರಿ. ಅಪಾಯ ಎರಡು ಕಡೆಯೂ ಒಂದೇ, ಭೌತವಿಜ್ಞಾನವೂ ಒಂದೇ.

ಮೊದಲು ಜಾಹೀರಾತುಗಳನ್ನು ನೋಡೋಣ. 2006ರಲ್ಲಿ ಇಂಗ್ಲೆಂಡಿನ ಡನ್ಸ್‌ಫೋಲ್ಡ್ ವಿಮಾನಾಂಗಣದಲ್ಲಿ ಫೋಕ್ಸ್‌ವ್ಯಾಗನ್ ಟೂರೆಗ್ ವಾಹನವೊಂದು 155 ಟನ್ ತೂಕದ ಬೋಯಿಂಗ್ 747 ವಿಮಾನವನ್ನು ಎಳೆಯಿತು. 2012ರಲ್ಲಿ ಟೊಯೊಟಾ ಟಂಡ್ರಾ ಟ್ರಕ್ಕು ಲಾಸ್ ಏಂಜಲೀಸಿನ ಸೇತುವೆಯೊಂದರ ಮೇಲೆ ‘ಎಂಡೆವರ್’ ಬಾಹ್ಯಾಕಾಶ ನೌಕೆಯನ್ನು ಎಳೆಯಿತು. 2017ರಲ್ಲಿ ಪೋರ್ಷೆ ಕಯೆನ್ ಪ್ಯಾರಿಸಿನಲ್ಲಿ ಏರ್‌ಬಸ್ ಎ380 ವಿಮಾನವನ್ನೇ 42 ಮೀಟರ್ ಎಳೆದು ದಾಖಲೆ ಮಾಡಿತು. ಇವು ಸುಳ್ಳಲ್ಲ. ಆದರೆ ಇವು ಏನನ್ನು ತೋರಿಸುತ್ತವೆ?

ಸಮತಟ್ಟಾದ ಕಾಂಕ್ರೀಟಿನ ಮೇಲೆ ಉರುಳು ಘರ್ಷಣಾಂಕವನ್ನು 0.01 ಎಂದಿಟ್ಟುಕೊಂಡರೆ 155 ಟನ್ನನ್ನು ಚಲನೆಯಲ್ಲಿಡಲು ಬೇಕಾದ ಬಲ ಸುಮಾರು 15,000 ನ್ಯೂಟನ್. ತೂಕದ ನೂರರಲ್ಲೊಂದು ಪಾಲು ಮಾತ್ರ! ಟೂರೆಗ್‌ನೊಳಗೆ ಉಕ್ಕಿನ ಹಲಗೆ, ಗುಂಡುಗಳನ್ನು ತುಂಬಿ ಅದರ ತೂಕವನ್ನು ಸುಮಾರು 7 ಟನ್ನಿಗೆ ಏರಿಸಲಾಗಿತ್ತು. ಗಾಲಿ ಜಾರದಂತೆ ನೆಲವನ್ನು ಕಚ್ಚಿಹಿಡಿಯಬೇಕಾದರೆ ಎಂಜಿನ್ನಿಗಿಂತ ಭಾರ ಮುಖ್ಯವೆಂಬುದನ್ನು ಆ ಎಂಜಿನಿಯರರೇ ಒಪ್ಪಿಕೊಂಡಂತಾಯಿತು. ಅದೇ ವಿಮಾನವನ್ನು 10ಕ್ಕೆ 1ರ ಏರಿನಲ್ಲಿಟ್ಟರೆ ಗುರುತ್ವದ ಹಿಂಜಗ್ಗು ಒಂದೂವರೆ ಲಕ್ಷ ನ್ಯೂಟನ್ ದಾಟುತ್ತದೆ. ಯಾವ ಕುಟುಂಬ ವಾಹನವೂ ಅದನ್ನು ತಡೆದು ನಿಲ್ಲಲಾರದು. ಚಿತ್ರದಲ್ಲಿ ಇನ್ನೊಂದನ್ನೂ ಗಮನಿಸಿ: ವಿಮಾನವನ್ನು ನಿಲ್ಲಿಸುವುದನ್ನು ಯಾರೂ ದಾಖಲೆ ಎಂದು ಕರೆಯುವುದಿಲ್ಲ.

ಇನ್ನು ಟಾರ್ಕ್. ಬಿಡದಿಯಲ್ಲಿ ತಯಾರಾಗುವ ಫಾರ್ಚೂನರಿನ ಸ್ವಯಂಚಾಲಿತ ಗೇರಿನ 2.8 ಲೀಟರ್ ಡೀಸೆಲ್ ಎಂಜಿನ್ನಿನದು 500 ನ್ಯೂಟನ್-ಮೀಟರ್. ಕಿಗ್ಗದ ಸುತ್ತಿನ ತೋಟಗಳಲ್ಲಿ ಓಡಾಡುವಂಥ 13 ಅಶ್ವಶಕ್ತಿಯ, ನಿಮಿಷಕ್ಕೆ 2,400 ಸುತ್ತಿನ ಟಿಲ್ಲರಿನದು ಲೆಕ್ಕ ಹಾಕಿದರೆ 39ರ ಆಸುಪಾಸು. ಹನ್ನೆರಡರಲ್ಲೊಂದು ಪಾಲೂ ಇಲ್ಲ. ಆದರೂ ಟಿಲ್ಲರ್ ಒಂದೂವರೆ ಟನ್ನಿನ ಟ್ರೇಲರನ್ನು ಏರಿನಲ್ಲಿ ಎಳೆದೊಯ್ಯುತ್ತದೆ. ನಿಧಾನವಾಗಿ ಹೋಗುತ್ತದೆ, ಅಷ್ಟೆ. ಗೇರು ವೇಗವನ್ನು ಕೊಟ್ಟು ಬಲವನ್ನು ಕೊಳ್ಳುತ್ತದೆ ಎಂಬುದು ಹತ್ತನೆಯ ತರಗತಿಯವರಿಗೂ ಗೊತ್ತಿರುವ ವಿಷಯ. ಆದ್ದರಿಂದ ಎಂಜಿನ್ನಿನ ಟಾರ್ಕನ್ನೇ ಎಳೆಯುವ ಸಾಮರ್ಥ್ಯವೆಂದು ಓದುವುದು ಮೂಲದಲ್ಲೇ ತಪ್ಪು.

ಸರಿಯಾದ ಅಂಕಿ ಹೇಗಿರುತ್ತದೆ ಎಂಬುದಕ್ಕೆ ಟ್ರೇಲರ್ ಬಳಕೆ ಸಾಮಾನ್ಯವಾಗಿರುವ ಆಸ್ಟ್ರೇಲಿಯಾವನ್ನು ನೋಡಬೇಕು. 2020ರಲ್ಲಿ ಪರಿಷ್ಕೃತ ಫಾರ್ಚೂನರ್ ಅಲ್ಲಿ ಮಾರುಕಟ್ಟೆಗೆ ಬಂದಾಗ ಅದಕ್ಕೆ ಎರಡು ಅಂಕಿಗಳನ್ನು ಕೊಟ್ಟಿದ್ದರು. ಬ್ರೇಕ್ ಇರುವ ಟ್ರೇಲರಾದರೆ 3,100 ಕಿ.ಗ್ರಾಂ. ಬ್ರೇಕ್ ಇಲ್ಲದ್ದಾದರೆ 750 ಕಿ.ಗ್ರಾಂ. ಎಂಜಿನ್ ಅದೇ, ಟಾರ್ಕ್ ಅದೇ, ಕೊಂಡಿ ಅದೇ. ಬದಲಾದದ್ದು ಟ್ರೇಲರಿನ ಬ್ರೇಕ್ ಒಂದೇ. ಅಂಕಿ ನಾಲ್ಕು ಪಟ್ಟು ವ್ಯತ್ಯಾಸವಾಗುತ್ತದೆ! ನನ್ನನ್ನು ಕೇಳಿದರೆ ಇಡೀ ವಿಷಯದ ತಿರುಳು ಈ ಎರಡು ಸಂಖ್ಯೆಗಳಲ್ಲಿದೆ. ಅಮೆರಿಕದಲ್ಲಿ 2008ರಲ್ಲಿ ಹೊರಬಂದ ಎಸ್‌ಎಇ ಜೆ2807 ಎಂಬ ಮಾನದಂಡವೂ ಹಾಗೆಯೇ. ಅರಿಜೋನಾದ ಡೇವಿಸ್ ಅಣೆಕಟ್ಟೆಯ ದೀರ್ಘ ಏರನ್ನು ಹತ್ತುವುದು ಅದರ ಒಂದು ಭಾಗ ಮಾತ್ರ. ಬ್ರೇಕ್, ಓಲಾಟ, ಇಳಿಜಾರಿನಲ್ಲಿ ನಿಲ್ಲಿಸಿ ಹಿಡಿದಿಡುವುದು ಇವೂ ಪರೀಕ್ಷೆಯೊಳಗೆ ಬರುತ್ತವೆ.

ಪುಸ್ತಿಕೆ ಬರೆಯುವವರನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ನಮ್ಮ ತರಗತಿಯೂ ಇದೇ ಪಾಠ ಹೇಳಿಕೊಡುತ್ತದೆ. ಎನ್‌ಸಿಇಆರ್‌ಟಿಯ ಒಂಬತ್ತನೆಯ ತರಗತಿಯ ಪುಸ್ತಕದಲ್ಲಿ ಬಹುಕಾಲ ಇದ್ದ ಒಂದು ಲೆಕ್ಕ ಶಿಕ್ಷಕರಿಗೆ ನೆನಪಿರಬೇಕು: 8,000 ಕಿ.ಗ್ರಾಂ ಎಂಜಿನ್, ತಲಾ 2,000 ಕಿ.ಗ್ರಾಮಿನ ಐದು ಬೋಗಿ, ಸಮತಲದ ಹಳಿ, 40,000 ನ್ಯೂಟನ್ ಎಳೆತ, 5,000 ನ್ಯೂಟನ್ ಘರ್ಷಣೆ. (ಉಕ್ಕಿನ ಹಳಿಯ ಮೇಲೆ ಇದರ ಹತ್ತನೆಯ ಒಂದು ಪಾಲು ಘರ್ಷಣೆ ಸಾಕು. ಅದಿರಲಿ.) ಮೊದಲ ಹೆಜ್ಜೆಯಾಗಿ ಇದು ಒಳ್ಳೆಯ ಲೆಕ್ಕವೇ. ಆದರೆ ಮುಂದಿನ ತರಗತಿಗಳಲ್ಲಿಯೂ ನಾವು ಅಲ್ಲಿಯೇ ನಿಲ್ಲುತ್ತೇವೆ. ಎರಡು ವಸ್ತುಗಳನ್ನು ದಾರದಿಂದ ಕಟ್ಟುತ್ತೇವೆ, ದಾರದ ಎಳೆತ ಕಂಡುಹಿಡಿಯುತ್ತೇವೆ. ದಾರ ಎಳೆಯಬಲ್ಲದೇ ಹೊರತು ನೂಕಲಾರದು. ಟ್ರೇಲರಿನ ಕೊಂಡಿ ಎರಡನ್ನೂ ಮಾಡುತ್ತದೆ.

ಬನ್ನಿ, ಒಂದು ಇಳಿಜಾರಿನಲ್ಲಿ ನಿಲ್ಲೋಣ. ಕಿಗ್ಗ ಕಡೆಯ ಮಲೆನಾಡ ರಸ್ತೆಗಳಲ್ಲಿ ಸಿಗುವಂಥದೇ ಒಂದು ಇಳಿತ, 10ಕ್ಕೆ 1 ಎಂದಿಟ್ಟುಕೊಳ್ಳೋಣ. ಜನ, ಸಾಮಾನು ಸೇರಿ ವಾಹನ 2,600 ಕಿ.ಗ್ರಾಂ, ಟ್ರೇಲರ್ 1,500 ಕಿ.ಗ್ರಾಂ. ಕಿಗ್ಗದ ಋಷ್ಯಶೃಂಗೇಶ್ವರ ಮಳೆಗಾಗಿ ಜನ ಮೊರೆಹೋಗುವ ದೇವರು. ಆ ಊರಿಗೆ ಒಣ ರಸ್ತೆಯ ಘರ್ಷಣಾಂಕ ಹಿಡಿದು ಹೊರಡುವುದು ವಿವೇಕವಲ್ಲ. ಒದ್ದೆ ರಸ್ತೆಗೆ 0.4 ಎನ್ನೋಣ. ವಾಹನ ಒಂಟಿಯಾಗಿದ್ದರೆ ಬ್ರೇಕಿನಿಂದ ಸಿಗುವ ಗರಿಷ್ಠ ವೇಗಾಪಕರ್ಷ 3.92ರಲ್ಲಿ ಗುರುತ್ವದ ಪಾಲು 0.98 ಕಳೆದು, ಸೆಕೆಂಡಿನ ವರ್ಗಕ್ಕೆ 2.94 ಮೀಟರ್. ಗಂಟೆಗೆ 40 ಕಿ.ಮೀ. ವೇಗದಿಂದ ನಿಲ್ಲಲು 21 ಮೀಟರ್ ಬೇಕು. ಬ್ರೇಕಿಲ್ಲದ ಟ್ರೇಲರ್ ಕಟ್ಟಿದಿರಿ ಎನ್ನಿ. ನೆಲ ಕೊಡುವ ತಡೆ ಬಲ ಮೊದಲಿನಷ್ಟೇ, ಸುಮಾರು 10,200 ನ್ಯೂಟನ್. ನಿಲ್ಲಿಸಬೇಕಾದ ರಾಶಿ 4,100 ಕಿ.ಗ್ರಾಂ. ವೇಗಾಪಕರ್ಷ 1.5ಕ್ಕೆ ಇಳಿಯುತ್ತದೆ, ದೂರ 41 ಮೀಟರಿಗೆ ಏರುತ್ತದೆ. ಟ್ರೇಲರಿಗೂ ತಕ್ಕ ಬ್ರೇಕ್ ಇದ್ದರೆ ಮತ್ತೆ 21 ಮೀಟರ್. ಈ ಲೆಕ್ಕದಲ್ಲಿ 500 ನ್ಯೂಟನ್-ಮೀಟರ್ ಎಲ್ಲಿಯೂ ಬರಲಿಲ್ಲ ಎಂಬುದನ್ನು ಗಮನಿಸಿ.

ಆ ಕ್ಷಣದಲ್ಲಿ ಟ್ರೇಲರ್ ಕೊಂಡಿಯನ್ನು ಸುಮಾರು 3,700 ನ್ಯೂಟನ್ ಬಲದಿಂದ ಮುಂದಕ್ಕೆ ನೂಕುತ್ತಿರುತ್ತದೆ. ನೇರ ರಸ್ತೆಯಲ್ಲಿ ಇದು ಸಹ್ಯ. ತಿರುವಿನಲ್ಲಿ ಕಾರು ಮತ್ತು ಟ್ರೇಲರ್ ಒಂದೇ ಗೆರೆಯಲ್ಲಿರುವುದಿಲ್ಲ. ನಡುವಿನ ಕೋನ 30 ಡಿಗ್ರಿ ಇದ್ದರೆ ನೂಕಿನ ಅರ್ಧದಷ್ಟು, 1,850 ನ್ಯೂಟನ್, ಕಾರಿನ ಹಿಂಭಾಗವನ್ನು ಅಡ್ಡಲಾಗಿ ತಿರುವಿನ ಹೊರಕ್ಕೆ ತಳ್ಳುತ್ತದೆ. ಘರ್ಷಣೆಯನ್ನೆಲ್ಲ ಬ್ರೇಕೇ ಬಳಸಿಕೊಂಡಿರುವಾಗ ಈ ಅಡ್ಡಬಲವನ್ನು ತಡೆಯಲು ಗಾಲಿಗಳಲ್ಲಿ ಏನೂ ಉಳಿದಿರುವುದಿಲ್ಲ. ಕಾರು, ಟ್ರೇಲರ್ ಎರಡೂ ಚಾಕು ಮಡಚಿದಂತೆ ಮಡಚಿಕೊಳ್ಳುವುದು ಹೀಗೆ.

ಎಳೆತ ನೂಕಾಗಿ ಬದಲಾಗುವುದನ್ನು ಮಲೆನಾಡಿನ ಟಿಲ್ಲರ್ ಚಾಲಕರಷ್ಟು ಸ್ಪಷ್ಟವಾಗಿ ಬಲ್ಲವರು ಕಡಿಮೆ. ಟಿಲ್ಲರಿನ ಎರಡು ಹಿಡಿಗಳಲ್ಲಿ ಎರಡು ಸ್ಟಿಯರಿಂಗ್ ಕ್ಲಚ್ಚುಗಳಿವೆ. ಸಮತಟ್ಟಿನಲ್ಲಿ ಎಡಗಡೆಯದನ್ನು ಅದುಮಿದರೆ ಎಡಗಾಲಿಗೆ ಚಾಲನೆ ತಪ್ಪುತ್ತದೆ, ಬಲಗಾಲಿ ಮುಂದುವರಿಯುತ್ತದೆ, ಟಿಲ್ಲರ್ ಎಡಕ್ಕೆ ಹೊರಳುತ್ತದೆ. ಕಡಿದಾದ ಇಳಿಜಾರಿನಲ್ಲಿ ತುಂಬಿದ ಟ್ರೇಲರ್ ಹಿಂದಿನಿಂದ ನೂಕುತ್ತಿರುವಾಗ ಅದೇ ಎಡ ಕ್ಲಚ್ಚನ್ನು ಅದುಮಿದರೆ ಟಿಲ್ಲರ್ ಬಲಕ್ಕೆ ಹೊರಳುತ್ತದೆ! ಈಗ ಎಂಜಿನ್ ಗಾಲಿಗಳನ್ನು ಓಡಿಸುತ್ತಿಲ್ಲ, ತಡೆದು ಹಿಡಿದಿದೆ. ಹಿಡಿತ ತಪ್ಪಿದ ಎಡಗಾಲಿ ಮುಂದೆ ಓಡುತ್ತದೆ, ಬಲಗಾಲಿ ಹಿಂದುಳಿಯುತ್ತದೆ. ಬಲದ ಚಿಹ್ನೆ ಧನದಿಂದ ಋಣಕ್ಕೆ ಬದಲಾಗುವುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನನಗೆ ಗೊತ್ತಿಲ್ಲ. ಇದು ಯಾವ ಪಠ್ಯದಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಎತ್ತಿನ ಗಾಡಿ ಹೊಡೆಯುತ್ತಿದ್ದ ನಮ್ಮ ಹಿರಿಯರಿಗೆ ಇನ್ನೊಂದು ಸಂಗತಿ ಗೊತ್ತಿತ್ತು. ಹಿಂಭಾರವಾದರೆ ಮೂಕಿ ಏಳುತ್ತದೆ, ಮುಂಭಾರ ಹೆಚ್ಚಾದರೆ ಎತ್ತಿನ ಕತ್ತು ಹುಣ್ಣಾಗುತ್ತದೆ. ಕೊಂಡಿಯ ಮೇಲೆ ಟ್ರೇಲರ್ ಊರುವ ಭಾರಕ್ಕೆ ‘ಮೂಕಿಭಾರ’ ಎಂದೇ ಕರೆಯಬಹುದು. ಅಮೆರಿಕದ ರೂಢಿಯಲ್ಲಿ ಇದು ಟ್ರೇಲರ್ ತೂಕದ ನೂರಕ್ಕೆ 10ರಿಂದ 15ರಷ್ಟು. ನಮ್ಮ ಟ್ರೇಲರಿಗೆ 150 ಕಿ.ಗ್ರಾಂ ಎನ್ನೋಣ. ಫಾರ್ಚೂನರಿನ ಮುಂದಿನ, ಹಿಂದಿನ ಅಚ್ಚುಗಳ ಅಂತರ 2.745 ಮೀಟರ್, ಕೊಂಡಿ ಹಿಂದಿನ ಅಚ್ಚಿನಿಂದ 1.1 ಮೀಟರ್ ಆಚೆ ಇದೆ ಎಂದುಕೊಂಡು ಸನ್ನೆಯ ಸೂತ್ರ ಹಾಕಿ. ಹಿಂದಿನ ಗಾಲಿಗಳ ಮೇಲೆ 210 ಕಿ.ಗ್ರಾಂ ಹೆಚ್ಚುತ್ತದೆ, ಮುಂದಿನವುಗಳಿಂದ 60 ಕಿ.ಗ್ರಾಂ ಕಳೆಯುತ್ತದೆ. ವಾಹನವನ್ನು ತಿರುಗಿಸುವ ಗಾಲಿಗಳೇ ಹಗುರಾದವು. ಹಾಗೆಂದು ಸಾಮಾನನ್ನೆಲ್ಲ ಟ್ರೇಲರಿನ ಹಿಂದಕ್ಕೆ ತಳ್ಳಿ ಮೂಕಿಭಾರ ಕಡಿಮೆ ಮಾಡಿದರೆ ವೇಗ ಏರಿದಂತೆ ಟ್ರೇಲರ್ ಹಾವಿನಂತೆ ಓಲಾಡತೊಡಗುತ್ತದೆ. ಒಂದು ಮಿತಿ ದಾಟಿದ ಮೇಲೆ ಪ್ರತಿ ಓಲಾಟ ಹಿಂದಿನದಕ್ಕಿಂತ ದೊಡ್ಡದು.

ಇನ್ನು ಶಾಖ. ಕಿಗ್ಗದಿಂದ ಶೃಂಗೇರಿಗೆ ಮರಳಿ, ಕರಾವಳಿಯತ್ತ ಹೊರಟಿರಿ ಎನ್ನಿ. ಆಗುಂಬೆ ಘಾಟಿಯಲ್ಲಿ 14 ಕಡಿದಾದ ತಿರುವುಗಳಿವೆ; ಭಾರಿ ವಾಹನಗಳಿಗೆ ಅಲ್ಲಿ ನಿರ್ಬಂಧವಿರುವುದು ಸುಮ್ಮನೆ ಅಲ್ಲ. 500 ಮೀಟರ್ ಇಳಿತವೆಂದು ಹಿಡಿದರೆ 4,100 ಕಿ.ಗ್ರಾಂ ಕಳೆದುಕೊಳ್ಳುವ ಪ್ರಚ್ಛನ್ನ ಶಕ್ತಿ 2 ಕೋಟಿ ಜೂಲ್. ಗಂಟೆಗೆ 30 ಕಿ.ಮೀ. ವೇಗದಲ್ಲಿ ಅದೇ ಜೋಡಿಯ ಚಲನ ಶಕ್ತಿ ಅದರ ನೂರ ನಲವತ್ತರಲ್ಲೊಂದು ಪಾಲು ಮಾತ್ರ. 2 ಕೋಟಿ ಜೂಲ್ ಎಂದರೆ 60 ಲೀಟರ್ ತಣ್ಣೀರನ್ನು ಕುದಿಯುವ ಬಿಂದುವಿಗೆ ತರುವ ಶಾಖ, ಮಲೆನಾಡಿನ ಬಚ್ಚಲ ಹಂಡೆಯ ನೀರನ್ನು ಮರಳಿಸಿದಂತೆ. ಕೆಳ ಗೇರಿನಲ್ಲಿದ್ದರೆ ಎಂಜಿನ್ ಇದರಲ್ಲಿ ದೊಡ್ಡ ಪಾಲನ್ನು ನುಂಗುತ್ತದೆ. ಇಲ್ಲವಾದರೆ ಹಂಡೆಯ ಒಲೆ ನಿಮ್ಮ ಬ್ರೇಕ್ ತಟ್ಟೆಗಳೇ. ಯೂರೋಪಿನ ಟ್ರೇಲರುಗಳಲ್ಲಿ ಸಾಮಾನ್ಯವಾದ ಒಂದು ಬ್ರೇಕ್, ಕೊಂಡಿಯ ನೂಕಿನಿಂದಲೇ ಚಾಲೂ ಆಗುವಂಥದು. ಜಾಣ ಸಾಧನ. ಆದರೆ ದೀರ್ಘ ಇಳಿತದಲ್ಲಿ ನೂಕು ನಿಲ್ಲುವುದೇ ಇಲ್ಲ, ಬ್ರೇಕ್ ಉಜ್ಜುತ್ತಲೇ ಇರುತ್ತದೆ. ಹೊರದೇಶದಿಂದ ಟ್ರೇಲರ್ ತರಿಸುವವರು, ಇಲ್ಲಿ ಕಟ್ಟಿಸುವವರು ಇದನ್ನು ವಿಚಾರಿಸಬೇಕು. ಟ್ರೇಲರಿಗೆ ಪ್ರತ್ಯೇಕ ನೋಂದಣಿ ಬೇಕೆಂದು 1988ರ ಮೋಟಾರು ವಾಹನ ಕಾಯಿದೆ ಹೇಳುತ್ತದೆ. ನೋಂದಣಿ ಫಲಕ ಇದ್ದಮಾತ್ರಕ್ಕೆ ಬ್ರೇಕ್ ತಣ್ಣಗಿರುವುದಿಲ್ಲ.

ಪುಸ್ತಿಕೆಯಲ್ಲಿ ಟಾರ್ಕಿನ ಪಕ್ಕದಲ್ಲಿ ಮೂರು ಅಂಕಿಗಳು ಇರಲಿ: ಬ್ರೇಕ್ ಇರುವ ಟ್ರೇಲರಿನ ಮಿತಿ, ಬ್ರೇಕ್ ಇಲ್ಲದ್ದರ ಮಿತಿ, ಮೂಕಿಭಾರದ ಮಿತಿ. ಒಂದೇ ಸಾಲಿನ ಜಾಗ ಸಾಕು. ಮಾರಾಟಗಾರರನ್ನು ಕೇಳದೆ ಅವರಾಗಿ ಕೊಡುವುದಿಲ್ಲ, ಕೇಳಿ. ಶಿಕ್ಷಕರಿಗೆ ಅಷ್ಟು ಕಾಯಬೇಕಾಗಿಯೂ ಇಲ್ಲ. ರೈಲಿನ ಲೆಕ್ಕ ಮುಗಿದ ಮರುದಿನ ಕಪ್ಪು ಹಲಗೆಯ ಮೇಲೆ ಟಿಲ್ಲರ್ ಬರೆಯಿರಿ. ಅಡಿಕೆ ಮೂಟೆ ತುಂಬಿದ 1,500 ಕಿ.ಗ್ರಾಂ ಟ್ರೇಲರ್, 10ಕ್ಕೆ 1ರ ಮಣ್ಣಿನ ಇಳಿಜಾರು, ಉರುಳು ಘರ್ಷಣಾಂಕ 0.03, ಭಾರವೆಲ್ಲ ಟ್ರೇಲರಿನ ಗಾಲಿಗಳ ಮೇಲೆಯೇ ಇದೆ ಎಂದುಕೊಳ್ಳಲಿ. ಟ್ರೇಲರಿನ ಬ್ರೇಕನ್ನು ತುಳಿಯದೆ ಒಂದೇ ವೇಗದಲ್ಲಿ ಇಳಿಯುವಾಗ ಕೊಂಡಿಯಲ್ಲಿ ಎಷ್ಟು ಬಲ, ಯಾವ ದಿಕ್ಕಿಗೆ? ಉತ್ತರ ಸುಮಾರು 1,030 ನ್ಯೂಟನ್, ಮುಂದಕ್ಕೆ. ಆಮೇಲೆ ಚಾಲಕ ಎಡ ಕ್ಲಚ್ಚನ್ನು ಅದುಮಿದ ಎಂದು ಹೇಳಿ, ಟಿಲ್ಲರ್ ಎತ್ತ ಹೊರಳುತ್ತದೆಂದು ಕೇಳಿ. ಕಿಗ್ಗದಂಥ ಊರಿನ ಶಾಲೆಯಾದರೆ ಹಿಂದಿನ ಬೆಂಚಿನಿಂದ ಸರಿಯುತ್ತರ ಮೊದಲು ಬಂದರೆ ಅಚ್ಚರಿಪಡಬೇಡಿ.