ಏದುಸಿರು, ಸ್ಟೀರಾಯ್ಡ್ ಮತ್ತು ಮೂರನೆಯ ಗುಂಪು

ಜ್ವರ ಅಳೆಯಲು ಉಷ್ಣತಾಮಾಪಕವಿದೆ. ಏದುಸಿರನ್ನು ಅಳೆಯುವುದು ಹೇಗೆ? ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಎಂದು ಉಪಕರಣ ತೋರಿಸಬಲ್ಲದು. ಆದರೆ ‘ಉಸಿರು ಸಾಲದು’ ಎಂಬ ಅನುಭವ ರೋಗಿಗಷ್ಟೇ ಗೊತ್ತು. ಹಾಗಾಗಿ ರೋಗಿಯನ್ನೇ ಕೇಳುತ್ತಾರೆ: ಸೊನ್ನೆಯಿಂದ 10ರವರೆಗಿನ ಅಂಕಗಳಲ್ಲಿ ನಿಮ್ಮ ಏದುಸಿರಿಗೆ ಎಷ್ಟು ಕೊಡುತ್ತೀರಿ?

ಕ್ಯಾನ್ಸರ್ ರೋಗಿಗಳ ಏದುಸಿರಿಗೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಡುವುದು ಹಲವು ವರ್ಷಗಳ ರೂಢಿ. ಉರಿಯೂತ ತಗ್ಗಿದರೆ ಉಸಿರು ಸರಾಗವಾದೀತು ಎಂಬುದು ಇದರ ಹಿಂದಿನ ತರ್ಕ. ಈ ರೂಢಿಯನ್ನು ಪರೀಕ್ಷೆಗೆ ಒಡ್ಡಿದ ಪ್ರಬಂಧ 2022ರಲ್ಲಿ ‘ಲ್ಯಾನ್ಸೆಟ್ ಆಂಕಾಲಜಿ’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಮೆರಿಕದ ಟೆಕ್ಸಾಸಿನಲ್ಲಿ ಡೇವಿಡ್ ಹುಯಿ ಮತ್ತು ಸಂಗಡಿಗರು 128 ರೋಗಿಗಳನ್ನು ಚೀಟಿ ಎತ್ತಿದಂತೆ ವಿಂಗಡಿಸಿ, ಸುಮಾರು ಮೂರರಲ್ಲಿ ಎರಡು ಪಾಲು ಜನರಿಗೆ ಸ್ಟೀರಾಯ್ಡ್, ಉಳಿದವರಿಗೆ ಹುಸಿಮದ್ದು ಕೊಟ್ಟರು. ಯಾರಿಗೆ ಯಾವುದೆಂದು ರೋಗಿಗಳಿಗಾಗಲಿ ಸಂಶೋಧಕರಿಗಾಗಲಿ ತಿಳಿದಿರಲಿಲ್ಲ. ಏಳನೆಯ ದಿನ ಸ್ಟೀರಾಯ್ಡ್ ಗುಂಪಿನ ಸರಾಸರಿ ಅಂಕ 1.6ರಷ್ಟು ಇಳಿದಿತ್ತು. ಹುಸಿಮದ್ದಿನ ಗುಂಪಿನಲ್ಲೂ ಇಳಿದದ್ದು 1.6! ಗಂಭೀರ ಪ್ರತಿಕೂಲ ಘಟನೆಗಳು ಮಾತ್ರ ಮೊದಲ ಗುಂಪಿನ ಶೇ. 28 ಜನರಲ್ಲಿ, ಎರಡನೆಯದರ ಶೇ. 7 ಜನರಲ್ಲಿ ಕಂಡವು.

ಹೋಲಿಕೆಯ ಗುಂಪು ಇಲ್ಲದಿದ್ದರೆ ಏನಾಗುತ್ತಿತ್ತು ಯೋಚಿಸಿ. ಇಳಿಕೆಯಷ್ಟೂ ಸ್ಟೀರಾಯ್ಡಿನ ಖಾತೆಗೆ ಜಮೆಯಾಗುತ್ತಿತ್ತು. ಪ್ರಬಂಧದ ಹಿರಿಮೆ ಇಲ್ಲಿದೆ.

ಕೊರತೆಯೂ ಇದೆ. ಹುಸಿಮದ್ದಿನಿಂದ ಅಂಕ ಇಳಿದದ್ದೇಕೆ? ‘ನಂಬಿಕೆಯ ಬಲ’ ಎನ್ನಲು ಅವಸರಪಡಬೇಡಿ. ಅಂಕ 4 ಅಥವಾ ಅದಕ್ಕಿಂತ ಹೆಚ್ಚಿದ್ದವರನ್ನಷ್ಟೇ ಪ್ರಯೋಗಕ್ಕೆ ಆರಿಸಲಾಗಿತ್ತು. ಏರಿಳಿಯುವ ಯಾವುದೇ ಪರಿಮಾಣವನ್ನು ಅದು ಏರಿದ್ದಾಗ ಆರಿಸಿಕೊಂಡು ಮತ್ತೆ ಅಳೆದರೆ, ಸರಾಸರಿ ತಾನಾಗಿ ಇಳಿದಿರುವ ಸಂಭವ ಹೆಚ್ಚು. ಕಿರುಪರೀಕ್ಷೆಯಲ್ಲಿ ತೀರ ಕಡಿಮೆ ಅಂಕ ಬಂದವರನ್ನು ಮಾತ್ರ, ಏನೂ ಹೇಳಿಕೊಡದೆ, ಮತ್ತೆ ಪರೀಕ್ಷಿಸಿ ನೋಡಿ. ಅವರ ಸರಾಸರಿ ಸಾಮಾನ್ಯವಾಗಿ ಏರಿರುತ್ತದೆ. ಈ ಸಹಜ ಬದಲಾವಣೆಯನ್ನೂ ನಂಬಿಕೆಯ ಪರಿಣಾಮವನ್ನೂ ಬೇರ್ಪಡಿಸಲು, ಎಂದಿನ ಆರೈಕೆಯಷ್ಟೇ ಪಡೆಯುವ ಮೂರನೆಯ ಗುಂಪು ಬೇಕಿತ್ತು.

2011ರಲ್ಲಿ ಅಮೆರಿಕದಲ್ಲೇ ಪ್ರಕಟವಾದ ಆಸ್ತಮಾ ಪ್ರಯೋಗವೊಂದರಲ್ಲಿ ಇಂಥ ಹೋಲಿಕೆಯಿತ್ತು. ಅಲ್ಲಿ ಬಳಸಿದ್ದು ಸ್ಟೀರಾಯ್ಡ್ ಅಲ್ಲ, ಶ್ವಾಸನಾಳವನ್ನು ಹಿಗ್ಗಿಸುವ ಆಲ್ಬುಟೆರಾಲ್. ಅದನ್ನು ಸೇದಿದಾಗ ರೋಗಿಗಳು ಹೇಳಿದ ಸುಧಾರಣೆ ಶೇ. 50, ಹುಸಿಮದ್ದು ಸೇದಿದಾಗ ಶೇ. 45, ಏನೂ ಕೊಡದಿದ್ದಾಗ ಶೇ. 21. ಆದರೆ ಮೊದಲ ಸೆಕೆಂಡಿನಲ್ಲಿ ಊದಿ ಹೊರಬಿಡುವ ಗಾಳಿಯ ಗಾತ್ರ ಆಲ್ಬುಟೆರಾಲಿನಿಂದ ಶೇ. 20ರಷ್ಟು ಹೆಚ್ಚಿದರೆ, ಉಳಿದೆರಡರಲ್ಲಿ ಸುಮಾರು ಶೇ. 7 ಮಾತ್ರ. ಅನುಭವವೂ ಗಾಳಿಯ ಹರಿವೂ ಬೇರೆ ಬೇರೆ ಅಳತೆಗಳು. ಒಂದನ್ನು ನೋಡಿ ಇನ್ನೊಂದನ್ನು ಊಹಿಸಲಾಗದು.

ಒಂದು ಎಚ್ಚರಿಕೆ. ಟೆಕ್ಸಾಸಿನ ಫಲಿತಾಂಶ ಕ್ಯಾನ್ಸರ್ ರೋಗಿಗಳ ಏದುಸಿರಿಗೆ ಸಂಬಂಧಿಸಿದ್ದು. ಅದನ್ನು ಆಸ್ತಮಾಕ್ಕೆ ಅನ್ವಯಿಸಬಾರದು. ಆಸ್ತಮಾದಲ್ಲಿ ಸೇದುವ ಸ್ಟೀರಾಯ್ಡ್ ಶ್ವಾಸನಾಳದ ಉರಿಯೂತವನ್ನು ದಿನಗಟ್ಟಲೆ ನಿಧಾನವಾಗಿ ತಗ್ಗಿಸುತ್ತದೆ. ತಕ್ಷಣ ಹಾಯೆನಿಸಲಿಲ್ಲವೆಂದು ಅದನ್ನು ಕೈಬಿಟ್ಟವರಿಗೆ ತೀವ್ರ ಉಬ್ಬಸದ ಅಪಾಯವಿದೆ. ನಿಮ್ಮ ವಿದ್ಯಾರ್ಥಿಗಳಲ್ಲಿ ಇನ್‌ಹೇಲರ್ ಬಳಸುವವರಿದ್ದರೆ ಈ ಮಾತನ್ನು ಮೊದಲು ತಿಳಿಸಿ.