ಬೈಗುಳಕ್ಕೆ ಹೆಸರಾದವನ ಹಾಡು

ಪ್ಯಾರಿಸ್ಸಿನ ಹಾಡುಗಾರ ಅರಿಸ್ತೀದ್ ಬ್ರುವಾನ ಮುಖ ಕಂಡವರು ಬಹಳ, ದನಿ ಕೇಳಿದವರು ಕಡಿಮೆ. ಅಗಲ ಅಂಚಿನ ಕರಿ ಟೋಪಿ, ಕರಿ ನಿಲುವಂಗಿ, ಕೊರಳಿಗೆ ಸುತ್ತಿದ ಕೆಂಪು ವಸ್ತ್ರ: ಚಿತ್ರಕಾರ ತುಲೂಸ್ ಲೊತ್ರೆಕ್ 1892ರಲ್ಲಿ ಮಾಡಿಕೊಟ್ಟ ಪೋಸ್ಟರ್ ಅದು. ಅಂಬಾಸದರ್ ರಂಗಮಂದಿರದ ಯಜಮಾನನಿಗೆ ಅದು ಹಿಡಿಸಲಿಲ್ಲ. ಪೋಸ್ಟರ್ ಹಚ್ಚದಿದ್ದರೆ ತಾನು ಹಾಡುವುದೇ ಇಲ್ಲವೆಂದು ಬ್ರುವಾ ಪಟ್ಟು ಹಿಡಿದ, ಹಚ್ಚಲೇಬೇಕಾಯಿತು. ಆಟ ಬೀದಿಯ ಗೋಡೆಯಿಂದಲೇ ಶುರುವಾಗಬೇಕೆಂಬುದು ಆತನ ಲೆಕ್ಕ.

1851ರಲ್ಲಿ ಕೂರ್ತನೆಯಲ್ಲಿ ಹುಟ್ಟಿ, ಪ್ಯಾರಿಸ್ಸಿಗೆ ಬಂದು, ರೈಲ್ವೆ ನೌಕರಿ ಮಾಡಿದವನು. ಬಡವರ ಕೇರಿಗಳ ಒರಟು ಆಡುಮಾತು ಕಿವಿಗೆ ಬಿದ್ದದ್ದು ಆ ದಿನಗಳಲ್ಲೇ. 1885ರಲ್ಲಿ ರೊದಾಲ್ಫ್ ಸಾಲಿ ತನ್ನ 'ಶಾ ನ್ವಾರ್' ಕ್ಯಾಬರೆಯನ್ನು ಬೇರೆಡೆಗೆ ಸಾಗಿಸಿದಾಗ, ಖಾಲಿಬಿದ್ದ ಆ ಜಾಗದಲ್ಲಿ ಬ್ರುವಾ 'ಮಿರ್ಲಿತೋಂ' ತೆರೆದ. ಮೊದಲ ರಾತ್ರಿ ಬೆರಳೆಣಿಕೆಯ ಗಿರಾಕಿಗಳು. ಸಿಟ್ಟಿಗೆದ್ದು ಅವರನ್ನೇ ಬಾಯಿಗೆ ಬಂದಂತೆ ಬೈದ. ಅವರೋ ಖುಷಿಪಟ್ಟರು! ಮುಂದೆ ಸಿರಿವಂತರು ಸಾರೋಟಿನಲ್ಲಿ ಬಂದು ಬೈಸಿಕೊಂಡು ಹೋಗತೊಡಗಿದರು. ಕ್ಯಾಬರೆಯ ಹೆಸರಿನಲ್ಲೇ ಒಂದು ಪತ್ರಿಕೆಯನ್ನೂ ಹೊರಡಿಸಿದ. ಅದಕ್ಕೆ ಸ್ಟೈನ್‌ಲೆನ್ ಚಿತ್ರ ಬರೆದ.

ಬೈಗುಳದ ಕತೆ ಎಲ್ಲರೂ ಹೇಳುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸುವುದು ಸಾಂ ಲಜಾರ್ ಸೆರೆಮನೆಯ ಹಾಡು. ಅಲ್ಲಿ ಕಾಯಿಲೆ ಬಿದ್ದಿರುವ ವೇಶ್ಯೆಯೊಬ್ಬಳು ತನ್ನವನಿಗೆ ಬರೆಯುವ ಕಾಗದವದು. ತಾನು ದುಡಿಯದಿದ್ದರೆ ಅವನ ಕೈ ಬರಿದಾದೀತಲ್ಲ ಎಂಬುದೇ ಅವಳ ಚಿಂತೆ. ಇಂಥ ಹಾಡಿಗೆ ಕಣ್ಣೀರು ಬೆರೆಸುವುದು ಸುಲಭ. ಬ್ರುವಾ ಬೆರೆಸುವುದಿಲ್ಲ. ವಯಸ್ಸಾದ ಮೇಲೆ ಆತ ಹಾಡಿಕೊಟ್ಟ ಗ್ರಾಮಫೋನ್ ತಟ್ಟೆಗಳನ್ನು ಕೇಳಿ. ಮೈಕ್ ಇನ್ನೂ ಬಂದಿರದ, ಕೊಂಬಿನ ಮುಂದೆ ನಿಂತು ಹಾಡುತ್ತಿದ್ದ ಕಾಲ. ಆ ಕರಕರ ಸದ್ದನ್ನು ಸೀಳಿಕೊಂಡು ಕಂಚಿನ ದನಿ ಬರುತ್ತದೆ. ಪದ ಬಿಡಿಬಿಡಿ, ಎಲ್ಲೂ ಎಳೆದಾಟವಿಲ್ಲ. ಕಾಗದ ಓದಿದ ಹಾಗೆ ಹಾಡಿ ಮುಗಿಸುತ್ತಾನೆ. ಸಂಕಟವೆಲ್ಲ ಕೇಳುವವರ ಪಾಲಿಗೆ.

ಬಡವರ ಪಾಡು ಹಾಡಿ ತಾನು ಆಸ್ತಿವಂತನಾದ ಎಂಬ ಆಕ್ಷೇಪವುಂಟು. ಆಸ್ತಿ ಮಾಡಿದ್ದು ನಿಜ. 1898ರಲ್ಲಿ ಕಾರ್ಮಿಕರ ಕೇರಿಯಾದ ಬೆಲ್‌ವೀಲ್‌ನಲ್ಲಿ ಚುನಾವಣೆಗೆ ನಿಂತು ಸೋತದ್ದೂ ನಿಜ. ಆದರೆ ಕೆಡವಲು ಹೊರಟಿದ್ದ ಮಾಂಮಾರ್ತ್ರ ಗುಡ್ಡದ 'ಲಾಪಾಂ ಅಜೀಲ್' ಕ್ಯಾಬರೆಯ ಪುಟ್ಟ ಕಟ್ಟಡವನ್ನು ಕೊಂಡು ಉಳಿಸಿದವನೂ ಈತನೇ. ಪಿಕಾಸೊ, ಅಪೊಲಿನೇರ್ ಬಂದು ಕೂರುತ್ತಿದ್ದ ಜಾಗ. 1925ರಲ್ಲಿ ಬ್ರುವಾ ತೀರಿಕೊಂಡ. ಕ್ಯಾಬರೆ ಇಂದಿಗೂ ನಡೆಯುತ್ತಿದೆ. ಪ್ಯಾರಿಸ್ಸಿಗೆ ಹೋಗುವವರು ಒಂದು ರಾತ್ರಿ ಅದಕ್ಕೆ ಮೀಸಲಿಡಿ. ಅಲ್ಲಿ ಈಗಲೂ ಮೈಕ್ ಇಲ್ಲದೆಯೇ ಹಾಡುತ್ತಾರೆ.