ಕಟ್ಟುಹಾವಿನ ಕೇಸ್‌ಶೀಟು: ಸಾಲು ಸಾಲಿಗೆ ಅರ್ಥ

ನಂಜನಗೂಡು ತಾಲ್ಲೂಕಿನ ಕವಲಂದೆ ಸೀಮೆ ಹೊಲಗದ್ದೆಯ ಸೀಮೆ. ಇಂಥ ಕಡೆ ಕಟ್ಟುಹಾವು ಕಚ್ಚಿದವರ ಕೇಸ್‌ಶೀಟಿನಲ್ಲಿ ಡಾಕ್ಟರು ಬರೆಯುವ ಮಾತುಗಳನ್ನೇ ಮಾದರಿಯಾಗಿ ಜೋಡಿಸಿ ಇಲ್ಲಿ ಬಿಡಿಸಿದೆ. ಇದು ಯಾವೊಬ್ಬ ರೋಗಿಯದೂ ಅಲ್ಲ.

1. "ರಾತ್ರಿ ನೆಲದ ಮೇಲೆ ಮಲಗಿದ್ದರು. ಗಾಯ, ಊತ ಕಾಣುತ್ತಿಲ್ಲ."

ಕಟ್ಟುಹಾವು ಓಡಾಡುವುದು ರಾತ್ರಿ. ಅದರ ಹಲ್ಲು ಸಣ್ಣದು, ಕಚ್ಚಿದ ಜಾಗದಲ್ಲಿ ನೋವೂ ಕಡಿಮೆ. ಹಾಗಾಗಿ ಎಷ್ಟೋ ಜನರಿಗೆ ಎಚ್ಚರವೇ ಆಗುವುದಿಲ್ಲ. ಗಾಯ ಕಾಣದಿದ್ದ ಮಾತ್ರಕ್ಕೆ ಹಾವು ಕಚ್ಚಿಲ್ಲ ಎನ್ನಲಾಗದು.

2. "ನಸುಕಿನಲ್ಲಿ ಹೊಟ್ಟೆನೋವು, ವಾಂತಿ. 20 ನಿಮಿಷಕ್ಕೆ ರಕ್ತ ಹೆಪ್ಪುಗಟ್ಟಿದೆ."

ಮನೆಯವರು ಇದನ್ನು ಅಜೀರ್ಣ ಎಂದುಕೊಳ್ಳುವುದು ಸಹಜ. ರಕ್ತವನ್ನು ಒಣ ಗಾಜಿನ ಟ್ಯೂಬಿಗೆ ಹಾಕಿ, 20 ನಿಮಿಷ ಅಲುಗಾಡಿಸದೆ ಇಟ್ಟು, ಆಮೇಲೆ ಓರೆ ಮಾಡಿ ನೋಡುತ್ತಾರೆ. ಮಂಡಲದ ಹಾವಿನ ವಿಷ ಏರಿದ್ದರೆ ರಕ್ತ ನೀರಾಗಿಯೇ ಉಳಿಯಬಹುದು. ಇಲ್ಲಿ ಹೆಪ್ಪುಗಟ್ಟಿದೆ. ಹಾಗಾದರೆ ವಿಷದ ದಾರಿ ರಕ್ತವಲ್ಲ, ನರ ಎಂಬ ಅನುಮಾನ ಬಲವಾಗುತ್ತದೆ.

3. "ಎರಡೂ ರೆಪ್ಪೆ ಜೋತಿವೆ. ಎರಡೆರಡು ಕಾಣುತ್ತದೆ. ನುಂಗಲಾಗುತ್ತಿಲ್ಲ."

ಈ ಶೀಟಿನ ತಿರುಳೇ ಈ ಸಾಲು. 'ರೆಪ್ಪೆ ಎತ್ತು' ಎಂದು ಮಿದುಳು ಕೊಟ್ಟ ಅಪ್ಪಣೆ ವಿದ್ಯುತ್ ಸಂಕೇತವಾಗಿ ನರದಲ್ಲಿ ಓಡುತ್ತದೆ. ವೇಗದ ನರಗಳಲ್ಲಿ ಸೆಕೆಂಡಿಗೆ ಸುಮಾರು 100 ಮೀಟರ್. ಆದರೆ ನರದ ತುದಿ ಸ್ನಾಯುವಿಗೆ ಅಂಟಿಕೊಂಡಿಲ್ಲ, ನಡುವೆ ಅತಿ ಸಣ್ಣ ಸಂದಿಯಿದೆ. ಅಲ್ಲಿ ವಿದ್ಯುತ್ತಿನ ಕೆಲಸ ಮುಗಿದು ರಸಾಯನದ್ದು ಶುರುವಾಗುತ್ತದೆ. ನರದ ತುದಿ ಅಸಿಟೈಲ್‌ಕೋಲಿನ್ ಸುರಿಸುತ್ತದೆ, ಅದು ಸ್ನಾಯುವನ್ನು ಮುಟ್ಟಿದಾಗ ರೆಪ್ಪೆ ಏಳುತ್ತದೆ. ಕಟ್ಟುಹಾವಿನ ವಿಷ ಹೊಡೆಯುವುದು ಈ ಸಂದಿಯನ್ನೇ. ನಾಲೆ ತುಂಬಿ ಹರಿದರೂ ತೂಬು ಕಟ್ಟಿಕೊಂಡರೆ ಗದ್ದೆಗೆ ನೀರಿಲ್ಲ, ಹಾಗೆ. ಮೊದಲು ಸೋಲುವುದು ಕಣ್ಣಿನ ಸುತ್ತಲಿನ ಸಣ್ಣ ಸ್ನಾಯುಗಳು, ಆಮೇಲೆ ಗಂಟಲು, ಕತ್ತು. 'ನಿದ್ದೆಗಣ್ಣು, ಮಲಗಲಿ ಬಿಡಿ' ಎಂದರೆ ಕೆಟ್ಟಿತು.

4. "ಒಂದೇ ಉಸಿರಿನಲ್ಲಿ ಎಣಿಸಲು ಹೇಳಿದೆ. ಎಂಟಕ್ಕೆ ನಿಂತಿತು."

ಯಂತ್ರ ಬೇಡದ ಪರೀಕ್ಷೆ. ಉಸಿರಿನ ತಾಳ ಹುಟ್ಟುವುದು ಮಿದುಳಿನ ಬುಡದಲ್ಲಿ. ಅದು ಕತ್ತಿನಿಂದ ಹೊರಡುವ ನರದ ಮೂಲಕ ಎದೆ, ಹೊಟ್ಟೆಯ ನಡುವಿನ ವಪೆಗೆ ತಲುಪುತ್ತದೆ. ತಾಳ ಸರಿಯಿದೆ, ವಪೆಗೆ ಮುಟ್ಟುತ್ತಿಲ್ಲ. ಎಣಿಕೆ ಇಳಿಯುತ್ತ ಹೋದರೆ ಉಸಿರಾಟ ಸೋಲುತ್ತಿದೆ ಎಂದೇ ಅರ್ಥ.

5. "ಪಾಪೆ ಹಿಗ್ಗಿದೆ, ಬೆಳಕಿಗೆ ಕುಗ್ಗುತ್ತಿಲ್ಲ. ಕರೆದರೆ ಉತ್ತರವಿಲ್ಲ."

ಓದಿದವರು 'ಮುಗಿಯಿತು' ಎನ್ನುವುದು ಈ ಸಾಲಿಗೆ. ದುಡುಕಬಾರದು. ಪಾಪೆಯನ್ನು ಕುಗ್ಗಿಸುವ ನರಕ್ಕೂ ಅದೇ ಅಸಿಟೈಲ್‌ಕೋಲಿನ್ ಬೇಕು. ಅದು ನಿಂತಾಗ ಮಿದುಳು ಸತ್ತಂತೆ ಕಾಣುತ್ತದೆ, ಸತ್ತಿರುವುದಿಲ್ಲ. ರಕ್ತದಿಂದ ಮಿದುಳಿಗೆ ಸಿಕ್ಕಸಿಕ್ಕದ್ದೆಲ್ಲ ದಾಟದಂತೆ ಒಂದು ತಡೆಯಿದೆ, ಈ ವಿಷ ಸಾಮಾನ್ಯವಾಗಿ ಅದನ್ನು ದಾಟದು. ಉಸಿರು ಕಟ್ಟದಂತೆ ನೋಡಿಕೊಂಡರೆ ಸುಮಾರು 8,600 ಕೋಟಿ ನರಕೋಶಗಳ ಆ ಮಿದುಳು ಒಳಗೆ ಎಚ್ಚರವಾಗಿರಬಹುದು. ಮಂಚದ ಪಕ್ಕದ ಮಾತು ಕೇಳಿಸುತ್ತಿರಬಹುದು. ಅಳುವವರು, ಆಸ್ತಿಯ ಮಾತೆತ್ತುವವರು ಹೊರಗಿರಲಿ.

6. "ಎಎಸ್‌ವಿ 10 ವೈಲ್. ವೆಂಟಿಲೇಟರ್."

ಎಎಸ್‌ವಿ ಎಂದರೆ ಕುದುರೆಯ ರಕ್ತದಿಂದ ತಯಾರಾಗುವ ಪ್ರತಿವಿಷ. ರಕ್ತದಲ್ಲಿ ಇನ್ನೂ ಓಡಾಡುತ್ತಿರುವ ವಿಷವನ್ನು ಅದು ಹಿಡಿಯುತ್ತದೆ. ನಾಗರಹಾವಿನ ವಿಷ ಹೆಚ್ಚಾಗಿ ಸ್ನಾಯುವಿನ ಕಡೆ ಕೂತು ಅಡ್ಡಗಟ್ಟುವುದರಿಂದ, ನಿಯೋಸ್ಟಿಗ್ಮಿನ್ ಇಂಜೆಕ್ಷನ್ ಕೊಟ್ಟರೆ ಒಮ್ಮೊಮ್ಮೆ ಬೇಗ ರೆಪ್ಪೆ ಏಳುವುದುಂಟು. ಕಟ್ಟುಹಾವಿನದು ನರದ ತುದಿಯನ್ನೇ ಕೆಡಿಸುತ್ತದೆ. ಕೆಟ್ಟ ತುದಿಯನ್ನು ಯಾವ ಔಷಧಿಯೂ ಕೂಡಲೇ ಸರಿಮಾಡದು, ಅದು ತಾನಾಗಿ ಮತ್ತೆ ಬೆಳೆಯಬೇಕು. ಅಲ್ಲಿಯವರೆಗೆ, ಕೆಲವೊಮ್ಮೆ ದಿನಗಟ್ಟಲೆ, ಉಸಿರನ್ನು ಯಂತ್ರ ನಡೆಸಬೇಕು. ಹಾಗೆ ನಡೆಸಿದರೆ ಪೂರ್ತಿ ಚೇತರಿಸಿಕೊಳ್ಳುವವರಿದ್ದಾರೆ.

ಆರೂ ಸಾಲು ಸೇರಿ ಹೇಳುವುದು ಒಂದೇ: ಇಲ್ಲಿ ಸೋತಿರುವುದು ಮಿದುಳಲ್ಲ, ಸಂದಿ, ಬೇಕಾಗಿರುವುದು ಸಮಯ ಮತ್ತು ಉಸಿರು. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದರಿಂದ, ಆಸ್ಪತ್ರೆಗಳು ಇಂಥ ಪ್ರತಿ ಕೇಸನ್ನೂ ವರದಿ ಮಾಡಬೇಕು. ನಮ್ಮ ಪಾಲಿನ ಕೆಲಸ ಅದಕ್ಕಿಂತ ಮುಂಚಿನದು: ಕಟ್ಟು ಬಿಗಿಯದೆ, ಕುಯ್ಯದೆ, ಮಂತ್ರ ಹಾಕಿಸಲು ಹೊತ್ತು ಕಳೆಯದೆ 108ಕ್ಕೆ ಫೋನ್ ಮಾಡಿ ನಂಜನಗೂಡಿನ ಆಸ್ಪತ್ರೆಗೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಹೊರಡುವುದು.